ಮುಂಗಾರಿನ ಮಕ್ಕಳೇ, ಮುಗಿಲು ಓದಲು ಬನ್ನಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿಂದ ನೇರ ಅಳೆದರೆ 200 ಕಿಲೋಮೀಟರ್ ಕೂಡ ಇಲ್ಲದ ಚಳ್ಳಕೆರೆಯಲ್ಲಿ 500 ಮಿಲಿಮೀಟರ್ ಬಿದ್ದರೆ ಅದೇ ಒಳ್ಳೆಯ ವರ್ಷ. ಅರಬ್ಬಿ ಸಮುದ್ರದಿಂದ ಬರುವುದು ಒಂದೇ ಗಾಳಿ. ಘಟ್ಟ ಹತ್ತುವಾಗ ಹೊತ್ತು ತಂದದ್ದನ್ನೆಲ್ಲ ಸುರಿದು, ಘಟ್ಟದ ಆಚೆ ಬಯಲುಸೀಮೆಗೆ ಬರಿ ಬೀಸಾಟವನ್ನು ಉಳಿಸುವ ಆ ಗಾಳಿಯ ಕೆಳಗೇ ನಾವು ಹುಟ್ಟಿದ್ದೇವೆ, ಬೆಳೆದಿದ್ದೇವೆ, ಬಿತ್ತಿದ್ದೇವೆ, ಬರ ಉಂಡಿದ್ದೇವೆ. ವಾಯುಮಂಡಲ ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೇ? ಅದು ನಮ್ಮ ಅಂಗಳದಲ್ಲೇ ಇದೆ. ಅದರೊಳಗೆ ಕೆಲಸ ಮಾಡುವವರು ಯಾರು?

ನೀವು. ಶಿರಾದಲ್ಲಿ ಬಿ.ಎಸ್ಸಿ. ಓದುತ್ತಿರುವ ನೀವು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮಾಡುತ್ತಿರುವ ನೀವು, ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ನೀವು. ಮೃಗಶಿರ ಕೈಕೊಟ್ಟರೆ ಏನು, ಆರಿದ್ರಾ ಹಿಡಿದರೆ ಏನು ಎಂದು ಮನೆಯ ಜಗಲಿಯ ಮೇಲೆ ಕೇಳಿ ಬೆಳೆದವರು ನೀವು. ಹದ ಮಳೆ ಎಂದರೇನೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಅರಿವಿಗೆ ಗಣಿತ ಸೇರಲಿ, ಭೌತವಿಜ್ಞಾನ ಸೇರಲಿ, ಐದಾರು ವರ್ಷಗಳ ಕಟ್ಟುನಿಟ್ಟಿನ ತರಬೇತಿ ಸೇರಲಿ. ಆಗ ಏನಾಗಬಹುದು ಎಂದು ಎಂದಾದರೂ ಯೋಚಿಸಿದ್ದೀರಾ?

ಅನ್ನಾ ಮಣಿಯವರನ್ನು ನೆನೆಯಿರಿ. ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಈ ಹೆಣ್ಣುಮಗಳು ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿ, ವಜ್ರ ಮತ್ತು ಮಾಣಿಕ್ಯಗಳ ಹೊಳಪಿನ ಮೇಲೆ ಪ್ರಬಂಧ ಬರೆದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ ಆ ಪ್ರಬಂಧಕ್ಕೆ ಪಿಎಚ್.ಡಿ. ದಕ್ಕಲಿಲ್ಲ. ಅವರು ಕೂತು ಅಳಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತರು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು, ಮಳೆಮಾಪಕದಿಂದ ಹಿಡಿದು ಸುಮಾರು ನೂರು ಉಪಕರಣಗಳನ್ನು ಈ ದೇಶದಲ್ಲೇ ತಯಾರಿಸಲು ನಕ್ಷೆ ಸಿದ್ಧಪಡಿಸಿದರು. ಓಜೋನ್ ಅಳೆಯುವ ಉಪಕರಣವೂ ಅವರ ಮುಂದಾಳತ್ವದಲ್ಲಿ ಇಲ್ಲೇ ರೂಪುಗೊಂಡಿತು. ಪದವಿ ಸಿಗದ ಒಬ್ಬರು ಇಷ್ಟು ಮಾಡಿದರು. ಬಾಗಿಲು ತೆರೆದಿರುವಾಗ ನೀವೆಷ್ಟು ಮಾಡಬಹುದು!

ಬಾಗಿಲು ನಿಜಕ್ಕೂ ತೆರೆದಿದೆ. ರೊದ್ದಂ ನರಸಿಂಹ ಅವರ ಮುಂದಾಳತ್ವದಲ್ಲಿ 1982ರಲ್ಲಿ ವಿಜ್ಞಾನ ಸಂಸ್ಥೆಯೊಳಗೆ ವಾಯುಮಂಡಲ ವಿಜ್ಞಾನ ಕೇಂದ್ರ ಶುರುವಾಯಿತು. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಕನ್ನಡಿಗರಿಗೆ ಕನ್ನಡದಲ್ಲೇ ನಕ್ಷತ್ರಗಳನ್ನು ಪರಿಚಯಿಸಿದವರು; ಮಗ ನೀರಿನ ತೊಟ್ಟಿಯೊಳಗೆ ಮೋಡದ ಏರಿಕೆಯನ್ನು ಮರುಸೃಷ್ಟಿಸಿ ಅದರ ಗುಟ್ಟು ಹುಡುಕಿದವರು. ಮುಂದೆ ಅದೇ ಕೇಂದ್ರದಲ್ಲಿ ದುಡಿದ ಸುಲೋಚನಾ ಗಾಡ್ಗೀಳರು ಡಿ.ಆರ್. ಸಿಕ್ಕಾ ಜೊತೆ 1980ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿ. ಉಪಗ್ರಹದ ಚಿತ್ರಗಳನ್ನು ದಿನದಿನವೂ ನೋಡುತ್ತಾ ಹೋದಾಗ, ಸಮಭಾಜಕದ ಬಳಿಯ ಕಡಲ ಮೇಲೆ ಹುಟ್ಟಿದ ಮೋಡಗಳ ಪಟ್ಟಿ ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬರುವುದು ಅವರಿಗೆ ಕಂಡಿತು. ಮುಂಗಾರು ಬರಿಯ ದೊಡ್ಡ ಕಡಲಗಾಳಿಯಲ್ಲ ಎಂಬ ತಿಳಿವು ಅಲ್ಲಿಂದ ಗಟ್ಟಿಯಾಯಿತು. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗುವುದು ಅವರು ಆಮೇಲೆ ಮಾಡಿದ್ದು. ಅವರು ಪಾವಗಡದ ಶೇಂಗಾ ಹೊಲಗಳಿಗೆ ಹೋದರು, ರೈತರ ಜೊತೆ ಕೂತರು, ಯಾವ ವಾರ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಬಿಡುವ ಅಪಾಯ ಕಡಿಮೆ ಎಂಬುದನ್ನು ದಶಕಗಳ ಮಳೆ ಲೆಕ್ಕದಿಂದ ಹುಡುಕಿದರು. ಇದೇ ಸಂಶೋಧನೆ. ಇದೇ ನೆಲದ ಋಣ.

ತರಬೇತಿ ಹೇಗಿರಬೇಕು? ಮೊದಲು ಕೈಗೆ ಕೆಲಸ ಗೊತ್ತಾಗಬೇಕು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ನೇರಕ್ಕೆ ಹಿಡಿದು, ನೀರಿನ ತಗ್ಗಿದ ಅಂಚನ್ನು ಓದಿ ಬರೆಯುವ ಶಿಸ್ತು ಬರಬೇಕು. ಸೂಕ್ಷ್ಮ ದೂಳನ್ನು ಹಿಡಿಯುವ ಯಂತ್ರ ನಿಮಿಷಕ್ಕೆ 16.7 ಲೀಟರಿನಂತೆ ದಿನವಿಡೀ ಗಾಳಿ ಎಳೆದರೆ 24 ಘನಮೀಟರ್ ಆಗುತ್ತದೆ. ಗಾಳಿಯಲ್ಲಿ ಈ ಸೂಕ್ಷ್ಮ ದೂಳು, ಅಂದರೆ ಪಿ.ಎಂ. 2.5 ಕಣಗಳು, ನಮ್ಮ ದೇಶದ ದಿನದ ಮಿತಿಯಾದ ಘನಮೀಟರಿಗೆ 60 ಮೈಕ್ರೋಗ್ರಾಂನಷ್ಟು ಇದ್ದರೂ ಆ ಬಿಳಿ ಫಿಲ್ಟರಿನ ಮೇಲೆ ಕೂರುವುದು ಒಂದೂವರೆ ಮಿಲಿಗ್ರಾಂಗಿಂತ ಕಡಿಮೆ. ಅದನ್ನು ಚಿಮಟದಲ್ಲಿ ಹಿಡಿದು, ತೇವಾಂಶ ಹತೋಟಿಯಲ್ಲಿರುವ ಕೋಣೆಯಲ್ಲಿಟ್ಟು, ಮತ್ತೆ ಮತ್ತೆ ತೂಗಬೇಕು. ಬೆರಳು ತಾಗಿದರೆ ಬೆವರೂ ತೂಕಕ್ಕೆ ಬರುತ್ತದೆ. ಒಮ್ಮೆ ಇದನ್ನು ಮಾಡಿದ ವಿದ್ಯಾರ್ಥಿ ಕಂಪ್ಯೂಟರಿನ ಪರದೆಯ ಮೇಲಿನ ಅಂಕಿಯನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಮಾಡೆಲ್ ಬೇಕು, ಸೂಪರ್ ಕಂಪ್ಯೂಟರ್ ಬೇಕು, ಸಮೀಕರಣಗಳು ಬೇಕೇ ಬೇಕು. ಆದರೆ ಒಂದು ದಿನವೂ ಮಳೆಯಲ್ಲಿ ನೆನೆಯದೆ ಮಳೆಯ ಮೇಲೆ ಪಿಎಚ್.ಡಿ. ಪಡೆಯುವುದು ನನ್ನ ದೃಷ್ಟಿಯಲ್ಲಿ ಅರ್ಧ ಕಲಿಕೆ.

ದಾರಿ ಸುಲಭವೆಂದು ನಾನು ಹೇಳುವುದಿಲ್ಲ. ಸಂಶೋಧನಾ ವಿದ್ಯಾರ್ಥಿಗೆ ಸಿಗುವ ಜೆ.ಆರ್.ಎಫ್. ಫೆಲೋಶಿಪ್ ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಆದರೂ ಅದು ಹೊತ್ತಿಗೆ ಸರಿಯಾಗಿ ಕೈಸೇರದೆ ಹಾಸ್ಟೆಲಿನಲ್ಲಿ ಸಾಲ ಮಾಡುವವರಿದ್ದಾರೆ. ನಿಮ್ಮ ಜೊತೆಯವರು ಕಂಪನಿ ಸೇರಿ ಮನೆ ಕಟ್ಟುತ್ತಿರುತ್ತಾರೆ. ಊರಿಗೆ ಹೋದರೆ ಇನ್ನೂ ಓದು ಮುಗಿದಿಲ್ಲವೇ ಎನ್ನುತ್ತಾರೆ. ಇಂಗ್ಲಿಷಿನ ಅಳುಕು ಬೇರೆ. ಇವೆಲ್ಲ ನಿಜ. ಫೆಲೋಶಿಪ್ ಹೊತ್ತಿಗೆ ಕೊಡುವುದು, ಮಾರ್ಗದರ್ಶಕರು ಶಿಷ್ಯರನ್ನು ಕ್ಷೇತ್ರಕ್ಕೆ ಕರೆದೊಯ್ಯುವುದು, ಕನ್ನಡ ಮಾಧ್ಯಮದಿಂದ ಬಂದವರನ್ನು ಮೊದಲ ವರ್ಷ ಕೈಹಿಡಿದು ನಡೆಸುವುದು ವಿಶ್ವವಿದ್ಯಾಲಯಗಳ ಕರ್ತವ್ಯ. ಅದನ್ನು ನಾವೆಲ್ಲ ಸೇರಿ ಕೇಳಬೇಕು. ಕೇಳುತ್ತಲೇ ಇರಬೇಕು.

ಯಾಕೆಂದರೆ ಪ್ರಶ್ನೆಗಳು ಕಾಯುತ್ತಿಲ್ಲ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಮನೆಮಠಗಳನ್ನು ಹೊತ್ತೊಯ್ದವು. ಎಷ್ಟು ದಿನ, ಎಷ್ಟು ಮಳೆ ಕುಡಿದ ಮೇಲೆ ಯಾವ ಇಳಿಜಾರು ಸಡಿಲವಾಗುತ್ತದೆ? ಬೆಳ್ಳಂದೂರು ಕೆರೆಯ ನೊರೆಯಿಂದ ಗಾಳಿಗೆ ಸೇರುವುದೇನು? ಬಳ್ಳಾರಿಯ ಕೆಂಪು ದೂಳು ಎಷ್ಟು ದೂರ ಹೋಗುತ್ತದೆ? ಎಲ್ಲದಕ್ಕೂ ಒಬ್ಬೊಬ್ಬರ ಐದು ವರ್ಷ ಬೇಕು. ಎಲ್ಲದಕ್ಕೂ ನೀವು ಬೇಕು.

ಪ್ರವೇಶಪತ್ರ ಕೈಗೆ ಬರುವವರೆಗೆ ಕಾಯಬೇಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಹಾಕಿದೆ. ನಿಮ್ಮ ಪಂಚಾಯಿತಿಯ ಹತ್ತು ವರ್ಷಗಳ ಲೆಕ್ಕ ಕೇಳಿ ತನ್ನಿ. ಮೃಗಶಿರದಿಂದ ಸ್ವಾತಿಯವರೆಗೆ ಒಂದೊಂದು ನಕ್ಷತ್ರದ ಮಳೆಯನ್ನೂ ಬೇರೆ ಬೇರೆ ಕೂಡಿ, ನಕ್ಷೆ ಎಳೆಯಿರಿ. ಯಾವುದು ಏರಿದೆ, ಯಾವುದು ಇಳಿದಿದೆ, ಯಾವುದು ಒಂದೇ ದಿನದಲ್ಲಿ ಸುರಿದು ಮುಗಿದಿದೆ ಎಂದು ಗುರುತು ಮಾಡಿ. ಆ ಹಾಳೆಯನ್ನು ಪಿಎಚ್.ಡಿ. ಪ್ರವೇಶದ ಸಂದರ್ಶನಕ್ಕೆ ಕೊಂಡೊಯ್ಯಿರಿ, ಮೇಜಿನ ಮೇಲಿಟ್ಟು ಮಾತು ಶುರುಮಾಡಿ.