ಮದ್ದು ಬಿಡುವವರ ದಾರಿ ಕಾಯುತ್ತಾ



ನಾನಿಲ್ಲಿ ಹತ್ತನೆಯಲ್ಲಿದ್ದಾಗ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಂತು. ಮೈಲುತುತ್ತು, ಸುಣ್ಣ ತಂದಿಟ್ಟಾಗಿತ್ತು. ಮರ ಹತ್ತಿ ಮದ್ದು ಬಿಡುವವರು ಮಾತ್ರ ಬರಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮಳೆ ಬಿಟ್ಟ ಕಡೆಗೆ ಅವರ ಓಟ. ಎಳೆಕಾಯಿ ಉದುರಿತು. ನನ್ನ ಪಿಯುಸಿ ಫೀಸಿಗೆ ಅಮ್ಮನ ಬಳೆ ಅಡವು ಹೋಯಿತು. ಅಪ್ಪ ಅವರಲ್ಲಿ ಮಾತು ಬಿಟ್ಟರು.

ಬಿಇ ಓದುವಾಗ ಇದೇ ಲೆಕ್ಕ ಸಿಕ್ಕಿತು. ಕೆಲಸಗಾರ ಒಬ್ಬ, ಸರದಿ ಹಲವು. ಹೆಸರು ಪೋಲಿಂಗ್ ಮಾದರಿ. 10 ದಿನಕ್ಕೊಮ್ಮೆ ತಪ್ಪದೆ ಬಂದರೆ ನಾವು ಕಾಯುವುದು ಸರಾಸರಿ 5 ದಿನ. ಒಮ್ಮೆ 2, ಒಮ್ಮೆ 18 ದಿನ ಬಿಟ್ಟು ಬಂದರೂ ಸರಾಸರಿ ಅಂತರ 10 ದಿನವೇ. ಆದರೆ 20 ದಿನಗಳಲ್ಲಿ 18 ದಿನ ಆ ದೊಡ್ಡ ಅಂತರಕ್ಕೇ ಸೇರಿದವು. ನಮಗೆ ಮದ್ದು ಬೇಕಾಗುವ ದಿನ ಅದರೊಳಗೆ ಬೀಳುವುದೇ ಹೆಚ್ಚು. ಕಾಯುವುದು 8.2 ದಿನವಾಗುತ್ತದೆ. ಮಕ್ಕಳೇ, ಮನೆಗೆ ಹೋಗಿ ಗುಣಿಸಿ ನೋಡಿ. ಅವರ ದುಡಿಮೆ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಅಪ್ಪನಿಗೆ ಇದನ್ನು ಬರೆದು ತೋರಿಸಿದೆ. “ಹಾಗಾದರೆ ಅವ ಉದಾಸೀನ ಮಾಡಿದ್ದಲ್ಲವಾ?” ಎಂದರು. ಈಗ ನೆರೆಯ ಐದು ತೋಟದವರು ಸೇರಿ ಅವರಿಗೆ ದಿನ ಗೊತ್ತುಮಾಡಿದ್ದಾರೆ. ಮಳೆ ಕೇಳುವುದಿಲ್ಲ, ಅದು ಬೇರೆ. ಮೊದಲ ಸಲ ಬಂದಾಗ ಅಪ್ಪನೇ ಎದ್ದು ಹೋಗಿ ಬೆಲ್ಲ, ನೀರು ತಂದು ಕೊಟ್ಟರು.