ಉಪದೇಶಕರಿದ್ದಾರೆ, ಆಲಿಸುವವರು ಬೇಕಾಗಿದ್ದಾರೆ

(ಪೋಷಕರು ಹಾಗೂ ಪದವೀಧರ ಯುವಕ-ಯುವತಿಯರ ಸಭೆಯಲ್ಲಿ ಮಾಡಿದ ಭಾಷಣ)



ಮಾದಕ ವ್ಯಸನದ ವಿರುದ್ಧ ನಮ್ಮಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಜಾಥಾ ನಡೆಸುತ್ತೇವೆ, ಪ್ರತಿಜ್ಞೆ ಬೋಧಿಸುತ್ತೇವೆ, ಕರಪತ್ರ ಹಂಚುತ್ತೇವೆ. ಆದರೆ ಸಭೆ ಮುಗಿದ ಬಳಿಕ ಓರ್ವ ತಾಯಿ ಬಂದು, 'ನನ್ನ ಮಗನನ್ನು ಯಾರ ಬಳಿಗೆ ಕರೆದೊಯ್ಯಲಿ?' ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿದೆಯೇ? ಅಮಲು ನಿಷಿದ್ಧವೆಂದು ಅರಿಯದ ಮಗು ನಮ್ಮ ಮನೆಗಳಲ್ಲಿಲ್ಲ. ಆದ್ದರಿಂದಲೇ ವ್ಯಸನಕ್ಕೆ ಬಿದ್ದವನು ಅದನ್ನು ಬಚ್ಚಿಡುತ್ತಾನೆ. ಮಾನಕ್ಕಂಜಿ ಮನೆಯವರೂ ಬಚ್ಚಿಡುತ್ತಾರೆ.

ಇದು ನಮ್ಮ ಸಮುದಾಯವೊಂದರ ಕಥೆಯಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಅಥವಾ ನೆರವು ದೊರೆತಿತ್ತು. ಉಳಿದ 37 ಮಂದಿ ನಮ್ಮಂತಹ ಬೀದಿಗಳಲ್ಲೇ ಬದುಕುವವರು.

ಈ ಅಂತರವನ್ನು ತುಂಬಬಲ್ಲವರಲ್ಲಿ ಆಪ್ತ ಸಮಾಲೋಚಕರು ಪ್ರಮುಖರು. ಆದರೆ ಸಮಾಲೋಚನೆಯೆಂದರೆ ಬುದ್ಧಿವಾದವಲ್ಲ, ಅದು ಕಲಿತು ಪಡೆಯಬೇಕಾದ ವಿದ್ಯೆ. ಕುಡಿತದ ಸಮಸ್ಯೆಯುಳ್ಳವರೊಂದಿಗಿನ ಅನುಭವದಿಂದ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಒಂದು ವಿಧಾನವನ್ನು ಮುಂದಿಟ್ಟರು. ವ್ಯಸನಿಯನ್ನು ಜರೆದರೆ ಆತ ತನ್ನ ಚಟವನ್ನೇ ಸಮರ್ಥಿಸತೊಡಗುತ್ತಾನೆ. ಗೌರವದಿಂದ ಪ್ರಶ್ನಿಸಿ ಆಲಿಸಿದರೆ ಬದಲಾಗಬೇಕಾದ ಕಾರಣವನ್ನು ತಾನೇ ಹೇಳುತ್ತಾನೆ ಎಂಬುದು ಅದರ ತಿರುಳು. 'ಮನೆತನದ ಮಾನ ಕಳೆದೆ' ಎನ್ನುವುದರ ಬದಲು, 'ಇದರಿಂದ ನಿನಗೆ ಏನು ಸಿಕ್ಕಿತು, ಏನು ಕಳೆದುಹೋಯಿತು?' ಎಂದು ಕೇಳಿ ಸುಮ್ಮನಿರುವುದು. ಈ ಸುಮ್ಮನಿರುವುದೇ ಕಠಿಣ. ವೇದಿಕೆಯಲ್ಲಿ ಮಾತನಾಡುವುದನ್ನು ವರ್ಷಗಟ್ಟಲೆ ಕಲಿತ ನಮಗೆ ಆಲಿಸುವುದನ್ನು ಯಾರೂ ಕಲಿಸಲಿಲ್ಲ.

ದೇಹದ ಅರಿವೂ ಬೇಕು. ವ್ಯಸನ ಬಿಡಿಸಲೆಂದು ಮಗನನ್ನು ಕೋಣೆಯಲ್ಲಿ ಕೂಡಿಹಾಕುವವರಿದ್ದಾರೆ. ವರ್ಷಗಳಿಂದ ವಿಪರೀತ ಕುಡಿಯುತ್ತಿದ್ದವನು ಹಠಾತ್ತನೆ ನಿಲ್ಲಿಸಿದರೆ ಕೈಕಾಲು ನಡುಗಬಹುದು, ಅಪಸ್ಮಾರ ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣವೂ ಹೋಗಬಹುದು. ಹೆರಾಯಿನ್‌ನಂತಹ ವಸ್ತುವನ್ನು ಕೆಲಕಾಲ ಬಿಟ್ಟವನು ಮತ್ತೆ ಹಳೆಯ ಪ್ರಮಾಣದಲ್ಲೇ ಸೇವಿಸಿದರೆ ಅದನ್ನು ತಾಳುವ ಶಕ್ತಿ ಆತನ ದೇಹಕ್ಕೆ ಇರುವುದಿಲ್ಲ. ಸಮಾಲೋಚಕ ಔಷಧ ಬರೆಯುವವನಲ್ಲ. ಆದರೆ ಈ ಅಪಾಯಗಳನ್ನು ಗುರುತಿಸಿ ಕೂಡಲೇ ವೈದ್ಯರ ಬಳಿಗೆ ಕಳುಹಿಸಬಲ್ಲವನು. ಮರುಕಳಿಕೆಯನ್ನು ದ್ರೋಹವೆಂದು ಭಾವಿಸದೆ, ಚಿಕಿತ್ಸೆಯನ್ನು ಪುನಃ ಪರಿಶೀಲಿಸಬೇಕಾದ ಸೂಚನೆಯೆಂದು ತಿಳಿಯುವವನು.

ಮೂರನೆಯದು ಗೌಪ್ಯತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ವಿಷಯ ಗುಟ್ಟಾಗಿರಬೇಕೆಂಬುದನ್ನು ಆತನ ಹಕ್ಕಾಗಿಸಿದೆ. ಸಮಾಲೋಚಕನ ಕೋಣೆಯ ಮಾತು ಸಂಜೆ ಚಹಾದಂಗಡಿಗೆ ತಲುಪಿದರೆ ಆ ಊರಲ್ಲಿ ಮುಂದೆ ಯಾರೂ ಬಾಯಿ ತೆರೆಯಲಾರರು.

ಕಲಿಯಲು ದಾರಿಗಳಿವೆ. ಸಮಾಜಕಾರ್ಯ, ಮನಶ್ಶಾಸ್ತ್ರದ ಪದವಿ ಇದಕ್ಕೆ ಒಳ್ಳೆಯ ಬುನಾದಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 1980ರಲ್ಲಿ ಶಾಂತಿ ರಂಗನಾಥನ್ ಚೆನ್ನೈಯಲ್ಲಿ ಸ್ಥಾಪಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನವು ಚಿಕಿತ್ಸೆಯ ಜೊತೆಗೆ ಸಮಾಲೋಚಕರನ್ನೂ ತರಬೇತುಗೊಳಿಸುತ್ತಾ ಬಂದಿದೆ. ಮದ್ಯಕ್ಕೆ ಪತಿಯನ್ನು ಕಳೆದುಕೊಂಡ ಆ ಮಹಿಳೆ ತನ್ನ ದುಃಖವನ್ನು ಅನ್ಯರ ಆಸರೆಯಾಗಿ ಪರಿವರ್ತಿಸಿದರು.

ನಮ್ಮ ಕೋರಿಕೆ ಇಷ್ಟೇ. ಪ್ರತಿಯೊಂದು ಜಮಾಅತ್ ಇಬ್ಬರನ್ನು ಆರಿಸಲಿ: ಓರ್ವ ಯುವಕ, ಓರ್ವ ಯುವತಿ. ಯುವತಿಯೇಕೆಂದರೆ, ಮಗನ ಗುಟ್ಟನ್ನು ಮೊದಲು ಹೊರುವವಳು ಹೆಚ್ಚಾಗಿ ತಾಯಿ. ಆಕೆ ಗಂಡಸರ ಮುಂದೆ ಅಳಲಾರಳು. ಜಾಥಾದ ಬ್ಯಾನರ್‌ಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಅವರ ಕಲಿಕೆಗೆ ಮೀಸಲಿಡಲಿ. ಅಲ್ಲಿಯವರೆಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಪ್ರತಿ ಮನೆಗೂ ತಿಳಿದಿರಲಿ.

ಮುಂದಿನ ಬಾರಿ ಆ ತಾಯಿ ಕೇಳಿದಾಗ, 'ಅಮ್ಮಾ, ಕುಳಿತುಕೊಳ್ಳಿ, ಹೇಳಿ' ಎನ್ನುವವರು ನಮ್ಮೂರಲ್ಲೇ ಇರಬೇಕು.