ಮುರಕಲ್ಲಿನೊಳಗಣ ವಿಹಾರ

(ಕದ್ರಿ ಗುಡ್ಡಕ್ಕೆ ಅಧ್ಯಯನ ಪ್ರವಾಸ ಹೊರಡಲಿದ್ದ ವಿದ್ಯಾರ್ಥಿಗಳನ್ನೂ ಘಟ್ಟದ ತಪ್ಪಲಿನ ಗ್ರಾಮಸ್ಥರನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಬೆಟ್ಟವನ್ನು ಕೊರೆದು ಮಾಡಿದ ಸನ್ಯಾಸಿಗಳ ನೆಲೆ ಎಂದೊಡನೆ ವಿದ್ಯಾವಂತರ ಮನಸ್ಸು ಅಜಂತಾ, ಎಲ್ಲೋರಾಗಳಿಗೆ ಓಡುತ್ತದೆ. ಕರ್ನಾಟಕದ ಮಟ್ಟಿಗಾದರೆ ಬಾದಾಮಿಯ ಹೆಸರು ಬರುತ್ತದೆ. ಆದರೆ ಬಾದಾಮಿಯವು ಪೂಜೆಗಾಗಿ ಕಡೆದ ಗುಡಿಗಳೇ ಹೊರತು ಭಿಕ್ಷುಗಳ ವಾಸಸ್ಥಾನಗಳಲ್ಲ. ಅಲ್ಲಿನ ಮೂರನೆಯ ಗುಹೆಯನ್ನು ಕ್ರಿ.ಶ. 578ರಲ್ಲಿ ಮಂಗಳೇಶನು ವಿಷ್ಣುವಿಗೆ ಅರ್ಪಿಸಿದನು. ಐಹೊಳೆಯ ಮೇಗುತಿ ಗುಡ್ಡದ ಇಳಿಜಾರಿನಲ್ಲಿ ಅರ್ಧ ಬಂಡೆಯನ್ನು ಕೊರೆದು, ಅರ್ಧ ಕಟ್ಟಿ ಮಾಡಿದ ಎರಡಂತಸ್ತಿನ ಬೌದ್ಧ ನಿರ್ಮಾಣವೊಂದಿದೆ. ಅದು ವಿಹಾರದ ಕಲ್ಪನೆಗೆ ಇನ್ನೂ ಹತ್ತಿರವಾದದ್ದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಿವಾಸಿಗಳು ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದಾದಷ್ಟು ಸಮೀಪದಲ್ಲಿ, ಮಂಗಳೂರಿನ ಕದ್ರಿ ಗುಡ್ಡದಲ್ಲಿ, ಅಂಥದೊಂದು ಸ್ಥಳವಿದೆ. ಕದ್ರಿಗೆ ಹೋದವರಲ್ಲಿ ಬಹಳ ಮಂದಿ ಮಂಜುನಾಥನ ದರ್ಶನ ಮುಗಿಸಿ ಹಿಂದಿರುಗುತ್ತಾರೆ. ಮೆಟ್ಟಿಲು ಹತ್ತಿ ಗುಡ್ಡದ ಮೇಲಿನ ಗುಹೆಗಳವರೆಗೆ ಹೋಗುವವರು ಕಡಿಮೆ.

ಉಡುಪಿಯಿಂದ ಹೊರಟವರು ಮೊದಲು ಉದ್ಯಾವರದ ಹೊಳೆಯನ್ನು ದಾಟುತ್ತಾರೆ. ಹೆದ್ದಾರಿಯಲ್ಲಿ ಒಂದು ನಿಮಿಷದಲ್ಲಿ ಹಿಂದೆ ಸರಿಯುವ ಈ ಊರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿಯಾಗಿತ್ತು. ಮಂಗಳೂರು, ಉದ್ಯಾವರ, ಬಾರಕೂರುಗಳಿಂದ ಆಳಿದ ಈ ವಂಶದ ಕುಂದವರ್ಮನೆಂಬ ಅರಸನೇ ಕದ್ರಿಯ ಕಥೆಯ ಮುಖ್ಯ ಪಾತ್ರ. ಆದ್ದರಿಂದ ಉದ್ಯಾವರದಲ್ಲಿ ಹೊಳೆ ದಾಟಿ, ಕಾಪುವಿನ ದೀಪಸ್ತಂಭವನ್ನು ಪಶ್ಚಿಮಕ್ಕೆ ಬಿಟ್ಟು ದಕ್ಷಿಣಕ್ಕೆ ಸಾಗುವ ಪ್ರಯಾಣವು ಒಂದೇ ರಾಜ್ಯದ ಒಂದು ಪಟ್ಟಣದಿಂದ ಇನ್ನೊಂದಕ್ಕೆ ಹೋಗುವ ಹಳೆಯ ದಾರಿಯೇ ಆಗಿದೆ.

ಕದ್ರಿಯ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳುಳ್ಳ, ಕುಳಿತ ಭಂಗಿಯ ದೊಡ್ಡದೊಂದು ಕಂಚಿನ ವಿಗ್ರಹವಿದೆ. ಅದರ ಪೀಠದ ಮೇಲಿನ ಸಂಸ್ಕೃತ ಶಾಸನವು ಕಲಿಯುಗದ 4068ನೆಯ ವರ್ಷವನ್ನು, ಅಂದರೆ ಕ್ರಿ.ಶ. 968ನ್ನು ಸೂಚಿಸುತ್ತದೆ. ಶಿವಭಕ್ತನಾದ ಕುಂದವರ್ಮನು ಕದಿರಿಕಾ ಎಂಬ ಮನೋಹರವಾದ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂಬುದು ಅದರ ತಾತ್ಪರ್ಯ. ಇದರಲ್ಲಿ ಗಮನಿಸಬೇಕಾದ ಪದಗಳು ಮೂರು. ಅರಸನು ಶಿವನ ಭಕ್ತ. ಲೋಕೇಶ್ವರನೆಂಬುದು ಬೌದ್ಧರ ಕರುಣಾಮೂರ್ತಿಯಾದ ಅವಲೋಕಿತೇಶ್ವರನ ಹೆಸರು. ಸ್ಥಳವನ್ನು ಗುಡಿ ಎನ್ನದೆ ವಿಹಾರವೆಂದು ಕರೆದಿದೆ. ಇವು ಒಂದೇ ಶಾಸನದಲ್ಲಿ ಹೇಗೆ ಕೂಡಿದವು ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದಗಳಿವೆ. ಕದ್ರಿ ಮೊದಲು ಬೌದ್ಧರದು, ಆಮೇಲೆ ಶೈವರದು ಎಂದು ಗೆರೆ ಎಳೆದು ಹೇಳುವವರಿಗೂ, ಅಲ್ಲಿ ಬೌದ್ಧರೇ ಇರಲಿಲ್ಲ ಎನ್ನುವವರಿಗೂ ಈ ಶಾಸನವು ಪೂರ್ತಿ ಒದಗುವುದಿಲ್ಲ. ಹತ್ತನೆಯ ಶತಮಾನದ ತುಳುನಾಡಿನ ಅರಸನಿಗೆ ಆ ಗೆರೆಯೇ ಅಷ್ಟು ಮುಖ್ಯವಾಗಿ ಕಂಡಿರಲಿಕ್ಕಿಲ್ಲವೆಂದು ತೋರುತ್ತದೆ.

ಗುಡ್ಡದ ಮೇಲೆ ಇಂದು ಇರುವುದು ನಾಥಪಂಥದ ಜೋಗಿ ಮಠ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ಕುಂಭಮೇಳದ ಬಳಿಕ ತ್ರ್ಯಂಬಕೇಶ್ವರದಿಂದ ನಾಥಯೋಗಿಗಳ ಗುಂಪು ಕಾಲ್ನಡಿಗೆಯಲ್ಲಿ ಕದ್ರಿಗೆ ಬಂದು, ಮಠಕ್ಕೆ ಹೊಸ ಅರಸನನ್ನು ಪಟ್ಟಕ್ಕೇರಿಸುತ್ತದೆ; ಕಳೆದ ಬಾರಿ ಇದು ನಡೆದದ್ದು 2016ರಲ್ಲಿ. ನಾಥರ ಆದಿಗುರುಗಳಲ್ಲಿ ಒಬ್ಬನಾದ ಮತ್ಸ್ಯೇಂದ್ರನಾಥನನ್ನು ನೇಪಾಳದ ಪಾಟನ್ ನಗರದಲ್ಲಿ ಇಂದಿಗೂ ಲೋಕೇಶ್ವರನ ರೂಪವೆಂದೇ ತೇರಿನಲ್ಲಿ ಕೂರಿಸಿ ಎಳೆಯುತ್ತಾರೆ. ಹಿಮಾಲಯದ ತಪ್ಪಲಿನಲ್ಲಿ ಒಂದಾಗಿರುವ ಎರಡು ಹೆಸರುಗಳು ಅರಬ್ಬೀ ಸಮುದ್ರದ ದಂಡೆಯ ಈ ಗುಡ್ಡದಲ್ಲಿಯೂ ಒಂದರ ಪಕ್ಕ ಒಂದು ಇರುವುದು ಆಕಸ್ಮಿಕವೆಂದು ತೋರುವುದಿಲ್ಲ.

ಇನ್ನು ಗುಹೆಗಳು. ಕರಾವಳಿಯಲ್ಲಿ ಕಾರಣ ತಿಳಿಯದ ಎಲ್ಲ ಹಳೆಯ ಕಲ್ಲುಕೆಲಸವನ್ನೂ ಪಾಂಡವರ ತಲೆಗೆ ಕಟ್ಟುವ ರೂಢಿಯಂತೆ ಇವೂ ಪಾಂಡವರ ಗುಹೆಗಳೆನಿಸಿಕೊಂಡಿವೆ. ಅಜಂತಾದ ಚಿತ್ರಗಳನ್ನೂ ಕಂಬಗಳನ್ನೂ ನೆನೆದು ಹೋದವರಿಗೆ ನಿರಾಶೆಯಾಗುವುದು ಖಂಡಿತ. ತಲೆ ಬಗ್ಗಿಸಿ ಒಳಹೋಗಬೇಕಾದ, ಅಲಂಕಾರವೇ ಇಲ್ಲದ, ಕೆಂಪು ಮುರಕಲ್ಲಿನ ಪೊಟರೆಗಳು ಅವು. ಆದರೆ ಕೃಷಿಯ, ನೀರಿನ, ಮಣ್ಣಿನ ವಿಷಯ ಬಲ್ಲವರು ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಲಾಭವಿದೆ. ಗುಹೆಯನ್ನು ಕೊರೆದವನು ಯಾರೇ ಆಗಿರಲಿ, ಅವನಿಗೆ ಕಲ್ಲು ಗೊತ್ತಿತ್ತು.

ಎಲ್ಲ ಕಲ್ಲೂ ಗುಹೆಯನ್ನು ಒಪ್ಪುವುದಿಲ್ಲ. ಕಾರ್ಕಳದ ಕರಿಯ ಕಲ್ಲು ಅತ್ಯಂತ ಗಟ್ಟಿ. ಅಲ್ಲಿನವರು ಅದರೊಳಗೆ ಹೊಗಲು ಪ್ರಯತ್ನಿಸಲಿಲ್ಲ. ಬದಲಿಗೆ 1432ರಲ್ಲಿ ವೀರಪಾಂಡ್ಯನು ನಲವತ್ತೆರಡು ಅಡಿಯ ಗೊಮ್ಮಟನನ್ನು ಬಂಡೆಯ ನೆತ್ತಿಯ ಮೇಲೆ ಬಯಲಿನಲ್ಲಿ ನಿಲ್ಲಿಸಿದನು, 1586ರಲ್ಲಿ ಚತುರ್ಮುಖ ಬಸದಿಯನ್ನು ಅದೇ ಕಲ್ಲಿನಿಂದ ಮೇಲಕ್ಕೆ ಕಟ್ಟಿದರು. ಅಜಂತಾದ ಕಲ್ಲು ಲಾವಾರಸದ ಪದರಗಳಿಂದಾದದ್ದು, ಬಾದಾಮಿಯದು ಮರಳುಗಲ್ಲು. ಮುರಕಲ್ಲಿನ ಗುಣವೇ ಬೇರೆ. ಲಕ್ಷಾಂತರ ವರ್ಷಗಳ ಮಳೆಬಿಸಿಲುಗಳಲ್ಲಿ ಮೂಲಶಿಲೆಯೊಳಗಿನ ಸಿಲಿಕಾ ಕರಗಿ ಕೊಚ್ಚಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಜೇನುಗೂಡಿನಂತೆ ರಂಧ್ರಮಯವಾದ ಕಲ್ಲು ಇದು. ನೆಲದೊಳಗೆ ತೇವದಲ್ಲಿರುವಾಗ ಪಿಕ್ಕಾಸಿಗೆ ಸುಲಭವಾಗಿ ಬಗ್ಗುತ್ತದೆ. ಕಡಿದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1801ರಲ್ಲಿ ಕಾರ್ಕಳ, ಉಡುಪಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಜಗತ್ತಿನ ಭೂವಿಜ್ಞಾನಕ್ಕೆ ಈ ಪದ ಹೋದದ್ದು ಈ ಕರಾವಳಿಯ ಕಲ್ಲುಕಡಿಯುವವರ ಅಂಗಳದಿಂದ. ಆದರೆ ಇಲ್ಲಿನ ಜನ ಅದಕ್ಕೂ ಬಹು ಹಿಂದೆಯೇ ಇದರೊಳಗೆ ಕೋಣೆ ಕೊರೆಯುವುದನ್ನು ಬಲ್ಲವರಾಗಿದ್ದರು. ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ನೆತ್ತಿಯಲ್ಲಿ ದುಂಡು ಕಂಡಿಯಿರುವ ಬೃಹತ್‍ಶಿಲಾ ಕಾಲದ ಸಮಾಧಿಗುಹೆಗಳು ಇದೇ ಕಲ್ಲಿನಲ್ಲಿವೆ.

ಸನ್ಯಾಸಿಗೆ ಗುಹೆ ಏಕೆ ಬೇಕು? ಉತ್ತರ ಮಳೆಯಲ್ಲಿದೆ. ಬೌದ್ಧ ಭಿಕ್ಷುಗಳು ವರ್ಷದ ಉಳಿದ ಕಾಲ ಅಲೆಯುತ್ತಿದ್ದು, ಮಳೆಗಾಲದ ಮೂರು ತಿಂಗಳು ಒಂದೆಡೆ ನಿಲ್ಲಬೇಕೆಂಬುದು ನಿಯಮ. ಬೆಳೆಯುತ್ತಿರುವ ಪೈರನ್ನೂ ನೆಲದ ಮೇಲಿನ ಸಣ್ಣ ಜೀವಿಗಳನ್ನೂ ತುಳಿಯಬಾರದೆಂಬುದು ಅದಕ್ಕೆ ಹೇಳುವ ಕಾರಣ. ಕಾರ್ಕಳದ ಜೈನರಿಗೂ ಉಡುಪಿಯ ಮಠಗಳಿಗೂ ಚಾತುರ್ಮಾಸ್ಯದ ರೂಪದಲ್ಲಿ ಇದು ಪರಿಚಿತವೇ. ವಿಹಾರವೆಂಬುದು ಮೂಲತಃ ಮಳೆಗಾಲದ ಮನೆ. ಆದರೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿನಲ್ಲಿ, ಸೋರುವುದೇ ಸ್ವಭಾವವಾದ ಕಲ್ಲಿನೊಳಗೆ ಮಳೆಗಾಲ ಕಳೆಯುವುದು ಹೇಗೆ? ಕಟೀಲಿನ ಸಮೀಪದ ನೆಲ್ಲಿತೀರ್ಥದ ಗುಹಾಲಯಕ್ಕೆ ಮಳೆಗಾಲದಲ್ಲಿ ಪ್ರವೇಶವೇ ಇಲ್ಲ. ಬೇಸಗೆಯಲ್ಲಿಯೂ ಅಲ್ಲಿ ತೊಟ್ಟಿಕ್ಕುವ ಹನಿಗಳನ್ನೇ ನೆಲ್ಲಿಕಾಯಿಗೆ ಹೋಲಿಸಿದ್ದಾರೆ. ಕದ್ರಿಯ ವಿಹಾರವು ಕೇವಲ ಈ ಪೊಟರೆಗಳಾಗಿರದೆ, ಮರ ಮತ್ತು ಮುಳಿಹುಲ್ಲಿನ ಕಟ್ಟಡಗಳೂ ಸೇರಿದ್ದ ನೆಲೆಯಾಗಿರಬೇಕೆಂದು ಊಹಿಸುವುದು ಹೆಚ್ಚು ಸರಿ. ಗುಹೆ ಧ್ಯಾನಕ್ಕೆ ಒದಗಿತು. ಗುಡ್ಡ ಬದುಕಿಗೆ ಒದಗಿತು.

ಗುಡ್ಡ ಹೇಗೆ ಒದಗಿತು ಎಂಬುದನ್ನು ನೋಡಲು ಗುಹೆಗಳಿಂದ ಗೋಮುಖಕ್ಕೆ ಇಳಿಯಬೇಕು. ದೇವಾಲಯದ ಹಿಂದೆ ಗುಡ್ಡದ ಒಡಲಿನಿಂದ ಬರುವ ಒರತೆಯ ನೀರು ಗೋಮುಖದಿಂದ ಬಿದ್ದು, ಪಕ್ಕದ ಕೆರೆಗಳನ್ನು ತುಂಬುತ್ತದೆ. ಭಕ್ತರು ಇದನ್ನು ಕಾಶಿಯ ಭಾಗೀರಥಿಯ ನೀರೆಂದು ನಂಬುತ್ತಾರೆ. ಮಣ್ಣಿನ ಶಾಸ್ತ್ರ ಹೇಳುವುದು ಇಷ್ಟು: ಮೇಲಿನ ಮುರಕಲ್ಲು ಮಳೆಯನ್ನು ಕುಡಿಯುತ್ತದೆ. ಅದರ ಕೆಳಗೆ ನೀರನ್ನು ಸುಲಭವಾಗಿ ಬಿಡದ ಜೇಡಿಪದರವಿದೆ. ಊರಿನ ಮಾತಿನಲ್ಲಿ ಅದು ಶೇಡಿ. ಇಳಿದ ನೀರು ಶೇಡಿಯ ಮೇಲೆ ತಡೆದು, ಅಡ್ಡಡ್ಡ ಸರಿದು, ಗುಡ್ಡದ ಬದಿ ತೆರೆದಲ್ಲಿ ಒರತೆಯಾಗಿ ಹೊರಬರುತ್ತದೆ. ಆಷಾಢದ ಮಳೆ ಚೈತ್ರದಲ್ಲಿ ಕೊಡಕ್ಕೆ ಬೀಳುವುದು ಹೀಗೆ. ಕಾನ್ಹೇರಿಯ ಬೌದ್ಧರು ಮುಂಬೈಯ ಕರಿಗಲ್ಲಿನಲ್ಲಿ ಗುಹೆಗಳ ಪಕ್ಕದಲ್ಲಿ ತೊಟ್ಟಿಗಳನ್ನು ಕೊರೆದು ಮಳೆನೀರು ಹಿಡಿಯಬೇಕಾಯಿತು. ಕದ್ರಿಯಲ್ಲಿ ಗುಡ್ಡವೇ ತೊಟ್ಟಿಯಾಗಿತ್ತು.

ಇದೇ ತಿಳಿವಳಿಕೆಯನ್ನು ಸನ್ಯಾಸಿಗಳಿಂದ ರೈತರು ಕಲಿತರೋ, ರೈತರಿಂದ ಸನ್ಯಾಸಿಗಳೋ, ಹೇಳುವವರಿಲ್ಲ. ಕಾಸರಗೋಡು, ಬಂಟ್ವಾಳ ಕಡೆಯ ಸುರಂಗಗಳನ್ನು ನೋಡಿದವರಿಗೆ ಎರಡನೆಯದೇ ಹೆಚ್ಚು ಸಂಭವನೀಯವೆನಿಸುತ್ತದೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ಈ ಅಡ್ಡಬಾವಿಗಳನ್ನು ಉಪ್ಪಳಿಗೆ, ಬಸರಿ ಮರಗಳಿರುವ ಜಾಗ ನೋಡಿ ಗುಡ್ಡದ ಬದಿಯಿಂದ ಕೋಲಿನ ಲೆಕ್ಕದಲ್ಲಿ ಕೊರೆಯುತ್ತಾರೆ. ಒಳಗೆ ಹಣತೆ ಅಥವಾ ಮೇಣದಬತ್ತಿ ಉರಿಯುತ್ತಿರಬೇಕು. ಅದು ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ಅರ್ಥ. ನೀರು ಸಿಕ್ಕರೆ ಅದು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಇರಾನಿನ ಕನಾತುಗಳ ಬಗ್ಗೆ ಪುಸ್ತಕ ಓದಿ ಬೆರಗಾಗುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಡ್ಯನಡ್ಕದವರೆಗೂ ಒಮ್ಮೆ ಹೋಗಿಬರುವುದು ಒಳ್ಳೆಯದು. ಅಲ್ಲಿನ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದ ಇಳಿಜಾರಿನಲ್ಲಿ ಹಗಲು ಕೂಲಿ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದವರು. ಮೊದಲ ಐದರಲ್ಲಿ ನೀರು ಸಿಗಲಿಲ್ಲ. ಆಮೇಲೂ ಪಿಕ್ಕಾಸು ಕೆಳಗಿಡದೆ ನೀರು ಕಂಡು, ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಕದ್ರಿಯ ಗುಹೆ ಕೊರೆದ ಕೈಗಳ ಹೆಸರು ಉಳಿಯಲಿಲ್ಲ. ಇಲ್ಲಿ ಹೆಸರಾದರೂ ದಾಖಲಾಯಿತು.

ಈಗ ಮುರಕಲ್ಲಿಗೆ ಆಗುತ್ತಿರುವುದನ್ನು ನೋಡೋಣ. ಒಂದು ತಲೆಮಾರಿನ ಹಿಂದೆ ಮನುಷ್ಯ ಕೈಯಿಂದ ಕಡಿಯುತ್ತಿದ್ದ ಕಲ್ಲನ್ನು ಈಗ ಯಂತ್ರದ ಗರಗಸ ಕೊಯ್ಯುತ್ತದೆ. ಬೆಟ್ಟು ಗದ್ದೆಗಳ ಮೇಲಿನ ಪದವುಗಳನ್ನು ‘ಉಪಯೋಗವಿಲ್ಲದ ಪಾಳು’ ಎಂದು ಕರೆಯುವುದು ಸುಲಭವಾದ್ದರಿಂದ ಮೊದಲು ಕೋರೆಯಾಗುವುದೂ ಅವೇ. ಪದವಿನ ತಗ್ಗುಗಳಲ್ಲಿ ಮಳೆನೀರು ನಿಂತು ಮದಕಗಳಾಗುತ್ತವೆ, ಪಳ್ಳಗಳಾಗುತ್ತವೆ. ಮಣಿಪಾಲಕ್ಕೆ ಹೆಸರು ಬಂದದ್ದೇ ಅಂಥ ಒಂದು ಮಣ್ಣಪಳ್ಳದಿಂದೆಂದು ಹೇಳುತ್ತಾರೆ. 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗುವ ಮುನ್ನ ಅದೂ ಬೋಳು ಮುರಕಲ್ಲಿನ ಗುಡ್ಡವೇ. ಮುರಕಲ್ಲಿನ ಹೊದಿಕೆಯನ್ನು ಶೇಡಿಯವರೆಗೆ ಕೊಯ್ದು ತೆಗೆದರೆ ಮಳೆಯನ್ನು ಕುಡಿಯುವ ಬಾಯಿಯೇ ಹೋದಂತೆ. ಬಿದ್ದ ನೀರು ಇಂಗದೆ ಹರಿದುಹೋಗುತ್ತದೆ, ಇಲ್ಲವೇ ಹೊಂಡದಲ್ಲಿ ನಿಲ್ಲುತ್ತದೆ. ಪಾಳುಬಿದ್ದ ಹೊಂಡಗಳಲ್ಲಿ ಮಕ್ಕಳು ಮುಳುಗಿ ಸತ್ತ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕೆಳಗಿನ ಮಜಲು, ಬೈಲುಗಳ ಬಾವಿಗಳು ಫೆಬ್ರವರಿಗೇ ತಳ ಕಾಣಿಸಿದಾಗ ರೈತನು ಕೊಳವೆಬಾವಿಯವರನ್ನು ಕರೆಯುತ್ತಾನೆ; ಕಾರಣ ಮೇಲಿನ ಪದವಿನಲ್ಲಿದೆಯೆಂದು ಯೋಚಿಸುವುದು ಕಡಿಮೆ. ರಸ್ತೆಗಾಗಿ ಗುಡ್ಡವನ್ನು ನೆಟ್ಟಗೆ ಗೋಡೆಯಂತೆ ಕತ್ತರಿಸಿದಲ್ಲಿ ಇನ್ನೊಂದು ಅಪಾಯ. ಬಯಲಾದ ಶೇಡಿ ನೀರು ಕುಡಿದು ಜಾರುತ್ತದೆ, ಮೇಲಿನ ಮುರಕಲ್ಲು ಅದರೊಡನೆ ಕುಸಿಯುತ್ತದೆ.

ಹಾಗೆಂದು ಮುರಕಲ್ಲನ್ನು ಮುಟ್ಟಲೇಬಾರದೆಂದು ಹೇಳುವುದು ನ್ಯಾಯವಲ್ಲ. ಬಡವನ ಮನೆ ಎದ್ದಿರುವುದು ಈ ಕಲ್ಲಿನಿಂದಲೇ. ಸಿಮೆಂಟಿನ ಇಟ್ಟಿಗೆಗಿಂತ ಅದು ತಂಪು, ಸುಡಬೇಕಾಗಿಲ್ಲ, ಊರಿನಲ್ಲೇ ಸಿಗುತ್ತದೆ. ಕೋರೆಯ ಕೂಲಿಯಿಂದ ಬದುಕುವ ಕುಟುಂಬಗಳಿವೆ. ಕೇಳಬೇಕಾದ ಪ್ರಶ್ನೆ ಎಷ್ಟು ಆಳ, ಯಾವ ಜಾಗ ಎಂಬುದು. ಒರತೆಯ ನೆತ್ತಿಯ ಮೇಲೆ, ಮದಕದ ಅಂಚಿನಲ್ಲಿ, ಊರಿನ ಬಾವಿಗಳ ಮೇಲ್ಭಾಗದಲ್ಲಿ ಕಡಿಯಬಾರದು. ಉಳಿದೆಡೆ ಶೇಡಿ ಕಾಣುವ ಮುನ್ನವೇ ನಿಲ್ಲಿಸಬೇಕು. ಕಡಿಯುವವನಿಗೆ ಶೇಡಿಯ ಬಣ್ಣ ಗೊತ್ತು. ಪಂಚಾಯತಿನ ಸಭೆಯಲ್ಲಿ ಅವನನ್ನು ಕರೆದು ಕೇಳಿದವರು ವಿರಳ.

ಕದ್ರಿಗೆ ಹೋಗುವ ವಿದ್ಯಾರ್ಥಿಗಳು ಸಾಧ್ಯವಾದರೆ ಎರಡು ಸಲ ಹೋಗಬೇಕು: ಮಳೆ ನಿಂತ ಮೇಲೆ ಅಕ್ಟೋಬರದಲ್ಲೊಮ್ಮೆ, ಮಳೆ ಬರುವ ಮುನ್ನ ಮೇ ತಿಂಗಳಲ್ಲೊಮ್ಮೆ. ಜೋಗಿ ಮಠ ಇಂದಿಗೂ ಸಾಧನೆಯ ಸ್ಥಳ. ಗುಹೆಗಳಲ್ಲಿ ಗದ್ದಲ ಮಾಡಬಾರದು, ಕಲ್ಲಿನ ಮೇಲೆ ಹೆಸರು ಕೆತ್ತಬಾರದು. ಗೋಮುಖದ ಬಳಿ ಸ್ನಾನಕ್ಕೆ ಬಂದವರಿಗೆ ಅಡ್ಡಿಯಾಗದಂತೆ ನಿಂತು, ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಆಮೇಲೆ ಗುಡ್ಡದ ನೆತ್ತಿಗೆ ಹತ್ತಿ, ಅಲ್ಲಿ ಎಷ್ಟು ಭಾಗ ಮರಗಿಡ, ಎಷ್ಟು ಭಾಗ ರಸ್ತೆ, ಎಷ್ಟು ಭಾಗ ಕಟ್ಟಡ ಎಂದು ಸರಳವಾದ ನಕ್ಷೆ ಬರೆಯಬೇಕು. ಹೆಬ್ರಿ, ಕಾರ್ಕಳ ಕಡೆಯ ಗ್ರಾಮಸ್ಥರು ಇದೇ ಕೆಲಸವನ್ನು ತಮ್ಮ ಊರಿನ ಒರತೆಗೆ ಮಾಡಬಹುದು; ಅದಕ್ಕೆ ಬಸ್ಸೂ ಬೇಡ. ದಿನಾಂಕ, ಕೊಡದ ಅಳತೆ, ಸೆಕೆಂಡು, ಮೇಲಿನ ಗುಡ್ಡದ ಸ್ಥಿತಿ, ಇಷ್ಟನ್ನು ಶಾಲೆಯ ಒಂದು ಹಳೆಯ ಪುಸ್ತಕದಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಬರೆದಿಟ್ಟರೆ, ಕೋರೆಗೆ ಪರವಾನಗಿ ಕೇಳಿ ಅರ್ಜಿ ಬಂದ ದಿನ ಗ್ರಾಮಸಭೆಯ ಮೇಜಿನ ಮೇಲೆ ಇಡಲು ಒಂದು ಪುಸ್ತಕವಾದರೂ ಇರುತ್ತದೆ.